ಎಡಗಾಲಿನ ಚಪ್ಪಲಿ

ದೋಣಿಮನೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನು ಹೇಳಿದಂತೆ ಮಾಡಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಉಳಿದದ್ದನ್ನು ಮನಸ್ಸಿದ್ದರೆ ಓದು. ನಿನ್ನ ಮಗಳಿಗೆ ಇನ್ನು ದೋಣಿಯಲ್ಲಿ ಜಾಗವಿಲ್ಲ ಎಂದು ಬೆಳಿಗ್ಗೆ ಹೇಳಿದೆ. ಮುಂದಿನ ವಾರದ ತಂಡದ ಆಯ್ಕೆಗೂ ಅವಳು ಹೋಗುವುದಿಲ್ಲ. ಸಂಜೆಯ ಬಸ್ಸಿಗೆ ನಾನೇ ಹತ್ತಿಸುತ್ತೇನೆ. ಈ ಪತ್ರವನ್ನು ಅಂಟಿಸಿ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅವಳು ಇದನ್ನು ಒಡೆಯುವುದಿರಲಿ, ತಿರುಗಿಸಿಯೂ ನೋಡುವುದಿಲ್ಲ.

ಆಗಲ್ಲ ನಿನ್ನ ಕೈಲಿ ಅಂತ ಒಂದೇ ಒಂದು ಮಾತು ಹೇಳಿಬಿಡಕ್ಕಾ, ನೀನು ಹೇಳಿದ್ರೆ ನಂಬ್ತಾಳೆ ಎಂದು ಬರೆದಿದ್ದೆಯಲ್ಲ, ನಂಬಿದಳು. ದೋಣಿಗಳನ್ನು ಕವುಚಿ ಇಟ್ಟಿರುವ ಅಟ್ಟಣೆಗಳ ನಡುವೆ ನಿಂತು ತನ್ನ ದೋಣಿಯ ಹೊಟ್ಟೆ ಒರೆಸುತ್ತಿದ್ದಳು. ನಿನಗೆ ಲಯ ಇಲ್ಲ ಕಣೇ, ಬರುತ್ತೇನೋ ಅಂತ ಕಾದೆ, ಬರಲಿಲ್ಲ ಎಂದೆ. ಬೆಳ್ಬೆಳಿಗ್ಗೆ ಏನು ದೊಡ್ಡಮ್ಮಾ ತಮಾಷೆ ಎಂದು ನಕ್ಕಳು. ನಾನು ನಗಲಿಲ್ಲ. ಆಮೇಲೆ, ಅಮ್ಮ ಹೇಳಿಸಿದ್ಳಾ ಎಂದು ಕೇಳಿದಳು. ನಿಮ್ಮಮ್ಮನ ಮಾತು ಕೇಳಿ ಯಾವತ್ತಾದರೂ ಒಂದು ಕೆಲಸ ಮಾಡಿದೀನಾ ನಾನು ಎಂದೆ. ಅದು ನಿಜವೇ ಆದ್ದರಿಂದ ದನಿ ನಡುಗಲಿಲ್ಲ. ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒಣಗಿದ್ದ ಬದಿಯನ್ನೂ ಒರೆಸಿದಳು. ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ, ತುದಿಗಳನ್ನು ಸಮ ಮಾಡಿ, ನನ್ನ ಪಕ್ಕದಲ್ಲೇ ದಾಟಿ ಹೊರಗೆ ಹೋದಳು.

ಅವಳು ಹೋದ ಮೇಲೆ ಅಲ್ಲೇ ಕೂತಿದ್ದೇನೆ. ಕೂತರೆ ಹಳೆಯದು ಬರುತ್ತದೆ.

ನೀರಿಗೆ ಮೊದಲು ಇಳಿದವಳು ನೀನು. ನಾನು ಕಾವಲಿಗೆ ಬಂದವಳು. ಅಕ್ಕ ಜೊತೆಗಿದ್ರೆ ಮಾತ್ರ ಹೋಗು ಎಂದು ಅಮ್ಮ ಷರತ್ತು ಹಾಕಿದ್ದಳು. ನಾನು ಮೆಟ್ಟಿಲ ಮೇಲೆ ನಿನ್ನ ಟವೆಲ್ ಹಿಡಿದುಕೊಂಡು ಆಕಳಿಸುತ್ತ ಕೂರುತ್ತಿದ್ದೆ. ಒಂದು ದಿನ ಇಬ್ಬರ ದೋಣಿಗೆ ಒಬ್ಬಳು ಕಡಿಮೆಯಾದಳು. ಏಯ್ ಟವೆಲ್, ಸುಮ್ನೆ ಕೂತು ಏನ್ಮಾಡ್ತೀಯ, ನೀನೂ ಬಾ ಎಂದರು ದೋಣಿ ಕಲಿಸುತ್ತಿದ್ದ ಮೇಷ್ಟ್ರು. ಆಟಕ್ಕೆ ನಾನು ಸೇರಿದ್ದು ಅಷ್ಟೇ ಘನವಾಗಿ. ಹೆಸರೂ ಅದೇ ಉಳಿಯಿತು. ಇವೆರಡೂ ಹುಟ್ಟಿದ್ದೇ ಹುಟ್ಟು ಹಾಕೋಕೆ ಎಂದು ಅಪ್ಪ ತನ್ನ ಕನ್ನಡಕದಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಅವರು ಮಸೂರದ ಹಿಂದೆ ಕಣ್ಣು ಕಿರಿದು ಮಾಡಿಕೊಂಡು ಓಡಿಹೋಗಲಾರದೆ ಕೂತಿದ್ದಾಗ, ಹೇಳುತ್ತಿದ್ದ.

ನಿನ್ನ ಹಿಂದಿನ ಪೀಠ ನನ್ನದು. ಹಾಗಾಗಿ ಅಷ್ಟೂ ವರ್ಷ ನಾನು ನೋಡಿದ್ದು ನಿನ್ನ ಬೆನ್ನನ್ನು. ನಿನ್ನ ಮುಖಕ್ಕಿಂತ ಅದೇ ನನಗೆ ಚೆನ್ನಾಗಿ ಗೊತ್ತು.

ಕೊನೆಯ ಬೇಸಿಗೆಯಲ್ಲಿ ನಿನಗೂ ಹೆಸರು ಬಂತು. ದೋಣಿ ಇಳಿದು ದಡದ ಹಲಗೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಒದರುತ್ತಿದ್ದೆ. ಎಡಗಾಲಿಗೆ ಚಪ್ಪಲಿ ಹಾಕಲು ಬಗ್ಗಿ, ಮಗುವಿಗೆ ತೊಡಿಸುವ ಹಾಗೆ ಕೈಯಿಂದ ಬೆರಳುಗಳನ್ನು ಕೂರಿಸುತ್ತಿದ್ದೆ. ನೋಡ್ರೋ ಕೊಕ್ಕರೆ ಎಂದರು ಮೇಷ್ಟ್ರು. ಎಲ್ಲರೂ ನಕ್ಕೆವು. ನೀನೂ ಒಂಟಿ ಕಾಲಲ್ಲೇ ಎರಡು ಕೈ ಬಡಿದು ಹಾರುವಂತೆ ಮಾಡಿ ತೋರಿಸುತ್ತಿದ್ದೆ. ಹಲಗೆಯವರೆಗೆ ಬಂದ ದೋಣಿಯಿಂದ ನೀನು ಏಳಲಾಗದ ಆ ಬೆಳಿಗ್ಗೆಯೂ, ಹಾರೇ ಕೊಕ್ಕರೆ ಎಂದು ಯಾರೋ ಕೂಗಿದರು. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರವನ್ನು ತಿಂಗಳುಗಟ್ಟಲೆ ಒತ್ತಿದೆ ಎಂದು ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಪಾದ ಜೋಮು ಹಿಡಿದಿರತ್ತೆ, ಮನೇಲಿ ಯಾರೂ ಗಮನಿಸಲಿಲ್ವಾ ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. ಗಮನಿಸಿದ್ದೆವು. ಹೆಸರೂ ಇಟ್ಟಿದ್ದೆವು.

ನೀನು ಊರುಗೋಲು ಹಿಡಿದ ಮೇಲೆ ನಾನು ಒಬ್ಬಳ ದೋಣಿಗೆ ಹತ್ತಿದೆ. ಗೆದ್ದದ್ದು ಕಡಿಮೆ. ಮುಂದೆ ಯಾರ ಬೆನ್ನೂ ಇಲ್ಲದಿದ್ದರೆ ನನಗೆ ವೇಗ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರ ಗಂಟಲಿಗೆ ಆಪರೇಷನ್ ಆಗಿ ದನಿ ಹೋಗಿ ಪಿಸುಮಾತಷ್ಟೇ ಉಳಿಯಿತು. ಬಾಯಿ ಬೇಕಾಗಿದೆ, ಇದೀಯಾ ಎಂದು ಚೀಟಿ ಬರೆದು ತೋರಿಸಿದರು. ಮೋಟಾರು ದೋಣಿಯಲ್ಲಿ ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟುವುದು, ನಾನು ನೀರಿನುದ್ದಕ್ಕೂ ಕೂಗುವುದು: ಬೆನ್ನು ನೆಟ್ಟಗೆ! ಕಾಲಿಂದ ತಳ್ಳು! ಒಂದು ಮಾತೂ ನನ್ನದಲ್ಲ. ಅವರು ತೀರಿಕೊಂಡ ಮಾರನೆಯ ದಿನ ಮಕ್ಕಳು ಎಂದಿನಂತೆ ನೀರಿಗಿಳಿದರು. ಕಿವಿಯ ಹತ್ತಿರ ಯಾರೂ ಇರಲಿಲ್ಲ. ನಾನು ಕೂಗಿದೆ. ಮಕ್ಕಳು ಬೆನ್ನು ನೆಟ್ಟಗೆ ಮಾಡಿದರು. ನಾನು ಕೋಚ್ ಆದದ್ದು ಹೀಗೆ. ಬಾಗಿಲ ಮೇಲೆ ನನ್ನ ಹೆಸರಿನ ಫಲಕ ಬಂದದ್ದು ಎಷ್ಟೋ ಕಾಲದ ಮೇಲೆ.

ಅವರು ಪಿಸುಗುಟ್ಟಿದ್ದರಲ್ಲಿ ನಾನು ಯಾವತ್ತೂ ಕೂಗದಿದ್ದದ್ದು ಒಂದಿದೆ. ನೋವಾಗತ್ತೆ ನಿಲ್ಲಿಸು ಅಂದ್ರೆ ಇವರು ನಿಲ್ಲಿಸಲ್ಲ ಟವೆಲ್, ಇನ್ನೂ ಜೋರಾಗಿ ಎಳೀತಾರೆ; ಆಗಲ್ಲ ನಿನ್ನ ಕೈಲಿ ಅಂದ್ರೆ ಮಾತ್ರ ಇಳೀತಾರೆ. ಯಾರನ್ನು ನೆನೆದು ಹೇಳಿದರೆಂದು ನಾನು ಕೇಳಲಿಲ್ಲ.

ನಿನ್ನ ಇಚ್ಛೆ ನೆರವೇರಿತು. ಅವಳು ಮನೆಯಲ್ಲಿ ನನ್ನನ್ನು ಬೈದರೆ ತಡೆಯಬೇಡ.

ಇಂತಿ ನಿನ್ನ ಅಕ್ಕ,
ಟವೆಲ್

ಮರೆತದ್ದು: ಮರೆತಿರಲಿಲ್ಲ, ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನಾನು ನಿನ್ನ ಮಾತು ಕೇಳಿ ಇದನ್ನು ಮಾಡಲಿಲ್ಲ. ಆಗುವುದಿಲ್ಲ, ಹೋಗೇ ಎಂದು ನಿನಗೆ ಉತ್ತರ ಬರೆದಿಟ್ಟಿದ್ದೆ. ನಾನು ಕಲಿಸಿದವರಲ್ಲಿ ಅವಳಷ್ಟು ಲಯ ಇರುವವರು ಇನ್ನೊಬ್ಬರಿಲ್ಲ. ಬೆಳಗಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಬೆನ್ನಿನ ಚಿತ್ರ ತೆಗೆಸು, ಅವಳು ಏನೂ ಇಲ್ಲಮ್ಮ ಎಂದರೆ ಕೇಳಬೇಡ. ವಾಸಿಯಾದ ಮೇಲೆ ನಿಜ ಹೇಳು, ಅಲ್ಲಿಯವರೆಗೆ ಬೇಡ. ಮೊನ್ನೆ ಹಲಗೆಯ ಮೇಲೆ ಬಗ್ಗಿ ಎಡಗಾಲಿಗೆ ಕೈಯಿಂದ ಚಪ್ಪಲಿ ತೊಡಿಸುತ್ತಿದ್ದಳು. ಹುಡುಗಿಯರು ನಗುತ್ತಿದ್ದರು. ನಿನ್ನ ಕಾಲದವರು ಇಲ್ಲಿ ಯಾರೂ ಉಳಿದಿಲ್ಲ, ನಾನೂ ಯಾರಿಗೂ ಹೇಳಿದವಳಲ್ಲ. ಆದರೂ ಅವರು ಅವಳನ್ನು ಕೊಕ್ಕರೆ ಎಂದೇ ಕರೆಯುತ್ತಾರೆ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಅವಳು ಒಂಟಿ ಕಾಲಲ್ಲಿ ನಿಂತು, ನನ್ನನ್ನು ನಗಿಸಲೆಂದು, ಎರಡು ಕೈ ಬಡಿದು ಹಾರುವಂತೆ ಮಾಡಿ ತೋರಿಸಿದಳು.