ಅತ್ತೆ ಹೇಳಲಾಗದ ಬನ್ನಿಮರದ ಹೆಸರು

ಊರಿನ ಗಡಿಗುರುತು, ಜಾಗದ ಹೆಸರು ಬರೆದುಕೊಳ್ಳುವ ಸಾಹೇಬರೇ,

ನಮ್ಮ ಸತ್ತವರು ಮಲಗಿರುವ ನೆಲವನ್ನು ತಾವು ಖಾಲಿ ಜಾಗ ಎಂದು ಬರೆದಿದ್ದೀರಿ. ನನಗೆ ಹೆದರಿಕೆಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮರಾಠಿಯಲ್ಲಿ ಕೊಟ್ಟ ಅರ್ಜಿಗೆ ತಮ್ಮ ಕಚೇರಿ ಉತ್ತರ ಕೊಡಲಿಲ್ಲ. ಅಥಣಿ ಕಡೆಯಿಂದ ಮರಾಠಿ ಸೀಮೆಯ ಈ ಲಿಂಗನೂರಿಗೆ ಸೊಸೆಯಾಗಿ ಬಂದ ನನಗೆ ಅಳುವುದಕ್ಕೂ ಜಗಳಕ್ಕೂ ಕನ್ನಡವೇ ಸರಿ. ಆದ್ದರಿಂದ ಪತ್ರಿಕೆಯ ಮೂಲಕ ಕನ್ನಡದಲ್ಲೇ ಕೇಳುತ್ತೇನೆ.

ನಮ್ಮೂರ ಗಡಿಯಲ್ಲಿ ಒಂದು ಹಳೆಯ ಬನ್ನಿಮರವಿದೆ. ಅದರಾಚೆ ಇನ್ನೊಂದು ಊರು. ಮರದ ಕೆಳಗಿನ ಮಾಳದಲ್ಲಿ ನಾವು ಕುರುಬರು ನಮ್ಮವರನ್ನು ಮಣ್ಣು ಮಾಡುತ್ತೇವೆ. ನನ್ನ ಮೊದಲ ಕೂಸೂ ಅಲ್ಲೇ ಇದೆ. ಮರಕ್ಕೆ ನಮ್ಮ ದೇವರ ಹೆಸರು, ರೇವಣಸಿದ್ಧನ ಬನ್ನಿ. ನನ್ನ ಮಾವನಿಗೂ ಅದೇ ದೇವರ ಹೆಸರಿಟ್ಟಿದ್ದಾರೆ. ತೊಂದರೆ ಹುಟ್ಟಿದ್ದು ಅಲ್ಲಿಂದಲೇ.

ತಮ್ಮ ನೌಕರರು ಡ್ರೋನ್ ಹಾರಿಸುತ್ತ ಬಂದ ದಿನ ಮಾಳದಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದವರು ನನ್ನ ಅತ್ತೆ ಸೋನಾಬಾಯಿ ಒಬ್ಬರೇ. "ಮಾವಶಿ, ಹ್ಯಾ ಜಾಗೇಚಂ ನಾವ ಕಾಯ?" ಎಂದು ಮರಾಠಿಯಲ್ಲಿ ಜಾಗದ ಹೆಸರು ಕೇಳಿದರಂತೆ. ಅತ್ತೆ ಸೆರಗು ಬಾಯಿಗೆ ಹಿಡಿದು ಸುಮ್ಮನಾದರು. ಗಂಡನ ಹೆಸರನ್ನು ಮದುವೆಯಲ್ಲಿ ಒಡಪಿನ ಪದದಲ್ಲಿ ಸೇರಿಸಿ ಹೇಳಿದ್ದೇ ಕೊನೆ. ಮತ್ತೆ ಬಾಯಿಬಿಟ್ಟು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು. ಆಕಾಶಕ್ಕೆ ಕಣ್ಣು ಹಾರಿಸುವ ಜಾಣರಿಗೆ ಇಷ್ಟು ತಿಳಿಯಬೇಡವೇ? ಊರೊಳಗೆ ಬಂದು ಒಬ್ಬ ಗಂಡಸನ್ನು ಕೇಳಬೇಡವೇ? "ಹೆಸರಿಲ್ಲ, ಪಾಳು ಬಿದ್ದ ಜಾಗ" ಎಂದು ಬರೆದುಕೊಂಡು ಹೋದರು. ಮೇಲಿನಿಂದ ನೋಡಿದರೆ ಸಮಾಧಿಯ ಮೇಲಿನ ಹುಲ್ಲೂ ಹುಲ್ಲೇ, ಬಿಡಿ.

ಈಗ ಮರದ ಸುತ್ತ ಯಾರೋ ಗೂಟ ಹೊಡೆದಿದ್ದಾರೆ. ಹೊಡೆದವರನ್ನು ಕೇಳಿದರೆ, ನಕಾಶೆಯಲ್ಲಿ ಖಾಲಿ ಅಂತ ಇದೆಯಲ್ಲ ಎನ್ನುತ್ತಾರೆ. ಜೆಸಿಬಿ ಸದ್ದು ಎಲ್ಲೇ ಕೇಳಿದರೂ ನಾನು ಮಾಳಕ್ಕೆ ಓಡುತ್ತೇನೆ.

ತಕರಾರು ಕೊಡಲು ಹೋದೆ. ಹೇಳಿಕೆ ಸೋನಾಬಾಯಿಯದು, ಅವರೇ ಬಂದು ತಮ್ಮ ಬಾಯಿಂದ ತಿದ್ದಬೇಕು ಎಂದರು ತಮ್ಮ ಕಾರಕೂನರು. ಸುಮ್ಮನಿದ್ದದ್ದೂ ಹೇಳಿಕೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಹೊತ್ತಿಗೆ ಮಾವ ಉಸಿರಾಟದ ತೊಂದರೆಯಿಂದ ಮಿರಜದ ದವಾಖಾನೆ ಸೇರಿದ್ದರು.

"ಬ್ಯಾಡ ಯೋಗಿತಾ, ಇಂಥಾ ಹೊತ್ತಿನ್ಯಾಗ ಅವರ ಹೆಸರ ಹೇಳಸಬ್ಯಾಡ," ಎಂದು ಅತ್ತೆ ಅತ್ತರು.

ಹಾಸಿಗೆಯಲ್ಲಿದ್ದ ಮಾವನೇ ನಕ್ಕರು. "ಹೇಳಿ ಬಾ, ಅಂಜಬ್ಯಾಡ. ಅಷ್ಟಕ್ಕ ನಾ ಏನ್ ಸಾಯಂಗಿಲ್ಲ. ಸತ್ರೂ ಮಣ್ಣ ಮಾಡಾಕ ಜಾಗಾ ಬೇಕಲ್ಲ?"

ಅತ್ತೆ ಬಂದರು. ತಮ್ಮ ಕಚೇರಿಯ ಮೇಜಿನ ಮುಂದೆ ನಿಂತು, ಕಣ್ಣು ಮುಚ್ಚಿ, "ರೇವಣಸಿದ್ಧನ ಬನ್ನಿ ರೀ" ಎಂದರು. ಅಂದವರೇ ರಿಕ್ಷಾ ಹತ್ತಿ ದವಾಖಾನೆಗೆ ಓಡಿದರು. ಚಪ್ಪಲಿ ಇನ್ನೂ ತಮ್ಮ ಬಾಗಿಲಲ್ಲೇ ಇರಬಹುದು. ಹೋಗಿ ನೋಡಿದರೆ ಮಾವನ ಹಾಸಿಗೆ ಖಾಲಿ. ಅತ್ತೆ ನೆಲಕ್ಕೆ ಕುಸಿದು, "ನಾನ ತಿಂದ್ನಿ ಅವರನ್ನ" ಎಂದರು. ಇದನ್ನೆಲ್ಲ ನಂಬುವವಳಲ್ಲ ಎಂದುಕೊಂಡಿದ್ದ ನಾನೂ ಆ ಹೊತ್ತಿಗೆ ನಂಬಿಬಿಟ್ಟೆ, ಸಾಹೇಬರೇ. ಎಕ್ಸ್‌ರೇಗೆ ಕರೆದೊಯ್ದಿದ್ದರಂತೆ, ಸ್ವಲ್ಪ ಹೊತ್ತಿಗೆ ಮಾವ ಗಾಲಿಕುರ್ಚಿಯಲ್ಲಿ ತಿರುಗಿ ಬಂದರು.

ಮರುದಿನ ತಮ್ಮ ಕಚೇರಿಯಿಂದ ಫೋನು. ಸರ್ವರ್ ಬಂದ್ ಇತ್ತಂತೆ, ಹೇಳಿಕೆ ಉಳಿದಿಲ್ಲವಂತೆ, ಅಜ್ಜಿಯನ್ನು ಮತ್ತೊಮ್ಮೆ ಕರೆತರಬೇಕಂತೆ.

ಕರೆತರುವುದಿಲ್ಲ. ತಾವೇ ಲಿಂಗನೂರಿಗೆ ಬಂದು ಯಾರನ್ನಾದರೂ ಕೇಳಿ. ಇಲ್ಲವೇ ದವಾಖಾನೆಗೆ ಬಂದು ಮಾವನನ್ನೇ ಕೇಳಿ; ಸ್ವಂತ ಹೆಸರು ಹೇಳಿಕೊಳ್ಳಲು ಅವರಿಗೆ ಅಡ್ಡಿಯಿಲ್ಲ. ಮರದ ಹೆಸರು ಬರೆಯಿರಿ, ಗೂಟ ಕೀಳಿಸಿ. ಅತ್ತೆಯ ಬಾಯಿಂದ ಮಾತ್ರ ಅದನ್ನು ಇನ್ನೊಮ್ಮೆ ಹೇಳಿಸಬೇಡಿ. ಅವರು ದಿನವೂ ನನ್ನನ್ನು ಕೇಳುತ್ತಾರೆ: "ಮೊನ್ನಿ ಉಳದ್ರು. ಇನ್ನೊಮ್ಮಿ ಉಳಿತಾರಂತ ಆ ಸಾಹೇಬ್ರು ಬರದ ಕೊಡ್ತಾರೇನ?"

ಇಂತಿ,
ಸೊಸೆಯೂ ಬರೆಯಬಾರದ ಮಾವನ ಹೆಸರನ್ನು ಬರೆದು ಅಂಜಿ ಕುಳಿತಿರುವ
ಯೋಗಿತಾ, ಲಿಂಗನೂರು