ತವಮಣಿ ಅಕ್ಕ ಕರೆದ ಸೇನೆ

21 ಏಪ್ರಿಲ್ 2009

ಇಲ್ಲಿಯಾದರೂ ಬರೆದುಬಿಡುತ್ತೇನೆ. ಮೂಕಯ್ಯ ಮಾವ ಎಂಬತ್ತೇಳರಲ್ಲಿ ನಮ್ಮ ಸೇನೆಯ ಜೊತೆ ಲಂಕೆಯ ಯಾಳ್ಪಾಣಕ್ಕೆ ಹೋಗಿದ್ದವನು. ತವಮಣಿ ಅಕ್ಕನಿಗೆ ಹೇಳಿಲ್ಲ. ಸ್ಕೂಲ್ ಬಿಟ್ಟಾಗಿನಿಂದ ಅವಳ ಪಕ್ಕದ ಸಾಲಲ್ಲೇ ದ್ರಾಕ್ಷಿ ಕೊಯ್ಯುತ್ತೇನೆ. ಲಂಕೆಯಿಂದ ಓಡಿಬಂದ ಅಕತಿಗಳ ಕ್ಯಾಂಪಿನವಳು. ಆ ವರ್ಷ ನಮ್ಮ ಸೇನೆಗೂ ಬಂದೂಕು ಹಿಡಿದ ಅಲ್ಲಿನ ತಮಿಳು ಹುಡುಗರಿಗೂ ಕದನವಾದಾಗ ನಡುವೆ ಸಿಕ್ಕಿ ಅವಳ ಗಂಡ ಸತ್ತ. ಮಗಳು ಕಾರ್ತಿಕಾ ಈಗಲೂ ಲಂಕೆಯಲ್ಲೇ, ಗುಂಡಿನ ನಡುವೆ.

ಇವತ್ತೂ ಅದೇ ಮಾತು. “ಇಂಡಿಯಾ ಆರ್ಮಿ ಬಂದರೆ ಮಗಳು ಉಳಿದಾಳು ತಂಬಿ.”

“ಅವರನ್ನೇ ಕರೀತೀಯಾ ಅಕ್ಕಾ?”

“ಬೆಂಕಿ ಬಿದ್ದರೆ ಪಕ್ಕದ ಮನೆಯವನನ್ನು ತಾನೇ ಕರೀಬೇಕು? ಜಗಳ ಆಮೇಲೆ.”

23 ಏಪ್ರಿಲ್

ಹೇಳಿದೆ. ಅಕ್ಕನ ಕತ್ತರಿ ನಿಲ್ಲಲಿಲ್ಲ. ಪೆಟ್ಟಿಗೆ ತುಂಬಿದ ಮೇಲೆ ಕೇಳಿದಳು — “ಮಾವನ ಮನೆ ಯಾವ ಬೀದಿ?”

3 ಮೇ, ಸಂಜೆ

ಬಂದಳು. ಮಾವನ ಮುಂದೆ ನೆಲದ ಮೇಲೆ ಕೂತಳು. ಸೇನೆಗೆ ಹೇಳಿ ಕಳಿಸಬೇಕಂತೆ.

ಮಾವ ನಕ್ಕ. “ನಾನು ಎಟಿಎಂ ವಾಚ್‌ಮನ್ ಅಮ್ಮಾ. ನಾನು ಕರೆದರೆ ಬೀದಿ ನಾಯಿನೂ ಬರಲ್ಲ.”

“ನೀವು ಬಂದ ದಿನ ಮಾಲೆ ಹಾಕಿದೆ. ಮೂರು ತಿಂಗಳಲ್ಲಿ ಗಂಡ ಹೋದ. ಎರಡೂ ಮರೆತಿಲ್ಲ. ಆದರೂ ಕೇಳ್ತಿದ್ದೇನೆ.”

ಮಾವ ತಮಿಳು ಬಿಟ್ಟು ನಮ್ಮ ಮನೆಮಾತು ಕನ್ನಡಕ್ಕೆ ತಿರುಗಿದ. “ಏಂಡಾ ಮಣಿ, ಇವಳ್ನ ಯಾಕ್ಡಾ ಕರ್ಕೊಂಡ್ ಬಂದೆ?” ಆಮೇಲೆ ಊಟ ಮಾಡಲಿಲ್ಲ.

14 ಮೇ

ನಿನ್ನೆ ವೋಟ್ ಮುಗಿಯಿತು. ಲಂಕೆಯ ತಮಿಳರಿಗೆ ಈಳಂ ನಾಡು, ಈಳಂ ನಾಡು ಎನ್ನುತ್ತಿದ್ದ ಪ್ರಚಾರದ ಮೈಕೂ ನಿಂತಿತು.

ಮಾವ ದಿಂಡುಕ್ಕಲ್‌ನಲ್ಲಿರುವ ಹಳೆಯ ಮೇಜರ್‌ಗೆ ಫೋನ್ ಮಾಡಿದ. ಸೋಮವಾರ ಬಾ ಎಂದರಂತೆ.

“ಕೇಳಿ ನಕ್ರು ಕಣ್ಡಾ. ಅವಳಿಗ್ ಹೇಳ್ಬೇಡ.”

ಹೇಳಿದೆ. ಅವಳಿಂದ ಮುಚ್ಚಿಡಲು ನನ್ನಿಂದ ಆಗುವುದಿಲ್ಲ.

“ನಗಲಿ. ಬಾ ಅಂದರಲ್ಲ,” ಎಂದಳು.

ಮಾವ ಎರಡು ದಿನ ಮಾತು ಬಿಡುತ್ತಾನೆ, ಗೊತ್ತು.

17 ಮೇ, ಭಾನುವಾರ, ರಾತ್ರಿ 8

ಟೀವಿ ತುಂಬ ಎಲೆಕ್ಷನ್. ನಡುವೆ ಒಂದು ಸಾಲು — ಹುಡುಗರು ಬಂದೂಕು ಕೆಳಗಿಟ್ಟರಂತೆ. ಇನ್ನು ಯಾವ ಸೇನೆ, ಯಾರಿಗೆ... ಅಕ್ಕ ಬರುವುದಿಲ್ಲ ಎಂದುಕೊಂಡೆ.

ಬಂದಳು. ನಾಳೆ ಊರು ಬಿಟ್ಟು ಹೋಗಲು ಕ್ಯಾಂಪಿನಲ್ಲಿ ಪರ್ಮಿಷನ್ ಪಡೆದಿದ್ದಳು.

“ಸೇನೆ ಬೇಡ ಅಂತ ಹೇಳು ತಂಬಿ. ಒಬ್ಬನನ್ನು ಕಳಿಸಲಿ, ಸಾಕು. ಹೆಣ ತಿರುವಿ ಮುಖ ನೋಡೋಕೆ.”

ಮಾವ ಒಳಗಿಂದ ಕೇಳಿಸಿಕೊಂಡ. ಹೊರಗೆ ಬರಲಿಲ್ಲ. ಶರ್ಟ್ ಇಸ್ತ್ರಿ ಮಾಡುತ್ತಿದ್ದ.

ನಾಳೆ ಮೊದಲ ಬಸ್ಸಿಗೆ ಮೂವರೂ ಹೊರಡುತ್ತೇವೆ.