ಹಳೇ ಸೇತುವೆಯ ಕೆಳಗಿನ ಕಲ್ಲು

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಹಿಕ್ಕೆ ತೊಳೆಯುವ ಕೆಲಸ. ಆಫೀಸಿನಲ್ಲಿ ಎರಡು ಜರಡಿ ಇವೆ. ಒಂದು ಚಹಾದ್ದು, ಒಂದು ಇದರದ್ದು. ಇದರದ್ದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಆದರೂ ಹೊಸಬರು ಚಹಾ ಕುಡಿಯುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಾರೆ.

ನಮ್ಮ ಆಫೀಸಿನ ಮೀಸೆ (ಅವನಿಗೆ ನಾನಿಟ್ಟ ಹೆಸರು) ಮತ್ತೆ ಒಂದು ಪ್ಯಾಕೆಟ್ ತಂದ. ನೀರುನಾಯಿ ಹಿಕ್ಕೆ. ಹಳೇ ಸೇತುವೆಯ ಕೆಳಗಿನ ಚಪ್ಪಟೆ ಕಲ್ಲು. ಅದೇ ಕಲ್ಲು, ಮತ್ತೆ ತಾಜಾ. ಆ ಭಾಗದಲ್ಲಿ ನಾನು ಎರಡು ವರ್ಷ ನಡೆದಿದ್ದೇನೆ. ಒಂದು ಹೆಜ್ಜೆ ಗುರುತೂ ಸಿಕ್ಕಿರಲಿಲ್ಲ. ಅದನ್ನು ಇವನಿಗೆ ವಹಿಸಿ ತಿಂಗಳಾಗಿಲ್ಲ, ಹಿಕ್ಕೆಯ ಮೇಲೆ ಹಿಕ್ಕೆ! ನೀರುನಾಯಿಗೂ ಮೀಸೆ ಇದೆಯಲ್ಲ... ನೆಂಟಸ್ತಿಕೆ ಇರಬೇಕು.

ದೊಡ್ಡ ಮೇಡಂಗೆ ಕಾಲು ನೆಲದ ಮೇಲಿಲ್ಲ. ಇಪ್ಪತ್ತೊಂದಕ್ಕೆ ಸಮಿತಿ ಬರುತ್ತದೆ. ಸೇತುವೆಯಿಂದ ಕೆಳಗೆ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ಹೊಳೆಯನ್ನು ಚರಂಡಿ ಮಾಡುವ ಯೋಜನೆ ಆ ಸಮಿತಿಯ ಕೈಯಲ್ಲಿದೆ. ಅಲ್ಲಿ ನೀರುನಾಯಿ ವಾಸವಿದೆ ಎಂದು ತೋರಿಸಿದರೆ ಗೋಡೆ ನಿಲ್ಲುತ್ತದೆ. ದಡದ ಮನೆಗಳವರು ನೀರಿಗಿಳಿಯುವ ಮೆಟ್ಟಿಲು ಉಳಿಯುತ್ತದೆ. ನಾವು ನಾಲ್ಕು ವರ್ಷ ಕೊಳಚೆ ತಡೆದು, ಜೊಂಡು ನೆಟ್ಟು ಮಾಡಿದ್ದೆಲ್ಲ ಉಳಿಯುತ್ತದೆ. ಬೇಕಾದದ್ದು ಬೇಕಾದ ಹೊತ್ತಿಗೇ ಸಿಕ್ಕಿದರೆ ನನಗೆ ಸಮಾಧಾನವಿರುವುದಿಲ್ಲ.

ಅಮ್ಮನಿಗೆ ಹೇಳಿದೆ. "ನಿನ್ ಮುಂದೆ ದೇವರೇ ಬಂದು ನಿಂತ್ರೂ ಗುರುತಿನ ಚೀಟಿ ಕೇಳ್ತೀಯ" ಅಂದಳು. ಕೇಳುವುದರಲ್ಲಿ ತಪ್ಪೇನು?

ಮಾರ್ಚ್ 5, ಬುಧವಾರ, ಮಧ್ಯಾಹ್ನ

ಸಿಕ್ಕಿತು.

ಒಣಗಿದ ಹಿಕ್ಕೆ ಬಿಡಿಸಿ ನೋಡಿದೆ. ಏಡಿ ಚಿಪ್ಪು ಸ್ವಲ್ಪ. ಉಳಿದದ್ದೆಲ್ಲ ಮೀನಿನ ಹುರುಪೆ—ಅಗಲ, ದಪ್ಪ, ಉಗುರಿನ ಹಾಗೆ. ನಮ್ಮ ಹೊಳೆಯಲ್ಲಿ ಇರುವುದು ಸಣ್ಣ ಮೀನು, ಹುರುಪೆ ಕಣ್ಣಿಗೆ ಕಾಣಿಸಿದರೆ ಹೆಚ್ಚು. ಇದು ಸಾಕಿದ ಗೆಂಡೆ ಮೀನಿನದು. ಹೊಂಡದ ಮೀನು ತಿಂದ ನೀರುನಾಯಿ ಹೊಳೆಯ ಕಲ್ಲಿನ ಮೇಲೆ ಹೇಗೆ ಹಿಕ್ಕೆ ಹಾಕಿತು?

ಮೀಸೆ ಇಲ್ಲಿಗೆ ಬರುವ ಮೊದಲು ಮೃಗಾಲಯದಲ್ಲಿದ್ದ. ಅಲ್ಲಿ ನೀರುನಾಯಿಗಳಿವೆ. ಅವಕ್ಕೆ ಹಾಕುವುದು ಸಾಕಿದ ಮೀನು. ಹಳೇ ಸ್ನೇಹಿತರು ಒಂದು ಡಬ್ಬಿ ತುಂಬಿ ಕೊಟ್ಟರೆ ಸಾಕಲ್ಲ... ಬೆಳಗ್ಗೆ ತಂದು ಕಲ್ಲಿನ ಮೇಲಿಡು, ಮಧ್ಯಾಹ್ನ ಎತ್ತಿಕೊಂಡು ಬಾ.

ಸಮಿತಿಯ ಮುಂದೆ ಇದು ಬಯಲಾದರೆ? ಗೋಡೆ ಎದ್ದೇ ಏಳುತ್ತದೆ. ಆಮೇಲೆ ನಾವು ಸತ್ಯ ಹೇಳಿದರೂ ನಗುತ್ತಾರೆ. ಈಗಲೇ ಹೋಗಿ ಮೇಡಂಗೆ ಹೇಳಬೇಕೆಂದು ಎದ್ದೆ. ಆದರೆ ನನ್ನ ಕಣ್ಣೊಂದನ್ನೇ ನಂಬಿ ಮಾತಾಡಬಾರದು. ಗೊತ್ತಿದ್ದವರಿಗೆ ತೋರಿಸಬೇಕು.

ಮಾರ್ಚ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಭಾವನಿಗೆ ಮೀನು ಸಾಕಣೆಯೇ ಬದುಕು. ಅವರಿಗಿಂತ ಒಳ್ಳೆ ಪರೀಕ್ಷಕರು ಎಲ್ಲಿ ಸಿಗಬೇಕು?

ಊಟದುದ್ದಕ್ಕೂ ಅವರದು ಒಂದೇ ರಾಗ. ಹೊಂಡದಲ್ಲಿ ಮೀನು ಕಳವಾಗುತ್ತಿದೆಯಂತೆ. ಕಾವಲಿನವನನ್ನು ಕೆಲಸದಿಂದ ಬಿಡಿಸಿದರಂತೆ. "ಬೇಲಿನೇ ಎದ್ದು ಹೊಲ ಮೇಯ್ದಿದ್ದು, ಇನ್ನೇನು?" ಅಂದರು. ಅನುಮಾನದ ವಿಷಯದಲ್ಲಿ ನಾವಿಬ್ಬರೂ ಒಂದೇ ಬಳ್ಳಿಯ ಕಾಯಿ. ಅದಕ್ಕೇ ನನಗೆ ಅವರು ಇಷ್ಟ.

ಮೇಜಿನ ಮೇಲೆ ಕಾಗದ ಬಿಚ್ಚಿದೆ.

"ಏನಮ್ಮ ಪತ್ತೇದಾರಿ, ಊಟದ ಹತ್ರಕ್ಕೂ ತಂದ್ಯಾ ನಿನ್ ಹಿಕ್ಕೇನ?"

"ತೊಳೆದಿದೀನಿ ಭಾವ. ಇದ್ಯಾವ ಮೀನು ಹೇಳಿ."

ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು ನೋಡಿದರು. "ಗೆಂಡೆ. ಸಾಕಿದ್ದೇ. ಹೊಳೇದಲ್ಲ. ಇದನ್ನ ತಿಂದಿದ್ದು ಯಾವುದು ಅಂದೆ?"

"ನೀರುನಾಯಿ."

"ಎಲ್ಲಿ ಸಿಕ್ತು?"

ಮೇಜಿನ ಮೇಲೆ ಬಿದ್ದಿದ್ದ ನೀರಲ್ಲೇ ಬೆರಳಿಂದ ಹೊಳೆ ಬರೆದು ತೋರಿಸಿದೆ. ಇದು ಸೇತುವೆ, ಇದು ಜೊಂಡು, ಇದು ಕಲ್ಲು. ದಿನಾ ಅದೇ ಕಲ್ಲಿನ ಮೇಲೆ. ಮೀಸೆಯ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಅನ್ನ ಅರ್ಧಕ್ಕೇ ಬಿಟ್ಟು ಕೈತೊಳೆಯಲು ಎದ್ದರು. ನನ್ನ ಕೆಲಸವನ್ನು ಮನೆಯಲ್ಲಿ ಒಬ್ಬರಾದರೂ ಇಷ್ಟು ಗಂಭೀರವಾಗಿ ತೆಗೆದುಕೊಂಡರಲ್ಲ ಎಂದು ಹೆಮ್ಮೆಯಾಯಿತು.

ಮಾರ್ಚ್ 11, ಮಂಗಳವಾರ

ದೊಡ್ಡ ಮೇಡಂಗೆ ಎಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು. ಮೀಸೆಯನ್ನು ಕರೆಸಿದರು.

"ನಾನೇ ತಂದಿಟ್ಟೆ ಅಂತೀರಾ?" ಎಂದು ನನ್ನನ್ನೇ ಕೇಳಿದ.

"ಹೊಳೇಲಿ ಇಲ್ಲದ ಮೀನು ಹಿಕ್ಕೇಲಿ ಹೇಗೆ ಬಂತು ಅಂತ ಕೇಳ್ತಿದೀನಿ."

"ಅದು ನಂಗೂ ಗೊತ್ತಿಲ್ಲ. ಹುಡುಕೋಣ ಅಂದಿದ್ರೆ ಜೊತೆಗೆ ಬರ್ತಿದ್ದೆ."

ಅಷ್ಟೇ. ಕೂಗಾಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇವನು ಮುಟ್ಟಿಕೊಳ್ಳಲೂ ಇಲ್ಲ. ಎಷ್ಟು ಪಳಗಿರಬೇಕು!

ಸಮಿತಿಯ ಫೈಲಿನಿಂದ ಅವನ ರಿಪೋರ್ಟ್ ತೆಗೆಸಿದ್ದಾರೆ. ಅವನನ್ನು ಸಸಿ ನೋಡಿಕೊಳ್ಳಲು ಹಾಕಿದ್ದಾರೆ. ಸಾಕ್ಷಿ ಬೇಕು ಅಂದರು ಮೇಡಂ. ಸಂಜೆ ನಾನೊಬ್ಬಳೇ ಹೋಗಿ ಕಲ್ಲಿನ ಎದುರಿನ ಮರಕ್ಕೆ, ಏನಾದರೂ ಅಲುಗಿದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿ ಬಂದೆ. ಯಾರಿಗೂ ಹೇಳಿಲ್ಲ. ಡಬ್ಬಿ ಹಿಡಿದು ಬರಲಿ, ನೋಡೋಣ. ಪದೇ ಪದೇ ಹೋದರೆ ಅವನಿಗೆ ವಾಸನೆ ಹತ್ತುತ್ತದೆ. ಒಂದು ವಾರ ಆ ಕಡೆ ತಲೆ ಹಾಕುವುದಿಲ್ಲ.

ಮಾರ್ಚ್ 18, ಮಂಗಳವಾರ, ಬೆಳಗ್ಗೆ

ಕಾರ್ಡ್ ತಂದು ಕಂಪ್ಯೂಟರಿಗೆ ಹಾಕಿದೆ. ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದೆ.

ಮೊದಲ ಚಿತ್ರ—ಖಾಲಿ ಕಲ್ಲು. ಎರಡನೆಯದು—ಬೆಳ್ಳಕ್ಕಿ. ಮೂರನೆಯದರಲ್ಲಿ...

ನೀರುನಾಯಿ. ತಾಯಿ. ಹಿಂದೆ ಎರಡು ಮರಿ. ಒಂದು ಮರಿ ಕಲ್ಲು ಹತ್ತಲಾರದೆ ಜಾರುತ್ತಿದೆ. ತಾಯಿಯ ಬಾಯಲ್ಲಿ ದೊಡ್ಡ ಗೆಂಡೆ ಮೀನು, ಬಾಲ ಇನ್ನೂ ಬಾಗಿದೆ. ಅತ್ತುಬಿಟ್ಟೆ. ಈ ಹೊಳೆಯಲ್ಲಿ! ನಮ್ಮ ಜೊಂಡಿನ ಪಕ್ಕದಲ್ಲಿ!

ಮುಂದಿನ ಚಿತ್ರಗಳಲ್ಲಿ ಅವು ಬರುವ ದಾರಿಯೂ ಕಾಣುತ್ತದೆ. ಸೇತುವೆಯ ಮಗ್ಗುಲಿಗೆ ಬಂದು ಸೇರುವ ಹಳೇ ಕಾಲುವೆ. ಆ ಕಾಲುವೆ ಬರುವುದು ಭಾವನ ಹೊಂಡದ ಹಿಂದಿನಿಂದ. ಅಲ್ಲಿಗೆ ನಾನು ಯಾವಾಗಲೂ ರಸ್ತೆಯಲ್ಲಿ ಹೋಗುವವಳು. ರಸ್ತೆಯಲ್ಲಿ ಊರೆಲ್ಲ ಸುತ್ತಬೇಕು, ಅದಕ್ಕೆ ದೂರ ಅಂದುಕೊಂಡಿದ್ದೆ. ಕಾಲುವೆಯಲ್ಲಿ ಬಂದರೆ ಹೊಂಡ ಇಲ್ಲೇ, ಬೆನ್ನ ಹಿಂದೆ. ನೀರುನಾಯಿಗೆ ರಸ್ತೆ ಯಾಕೆ ಬೇಕು?

ಮೀಸೆ ಸುಳ್ಳು ಹೇಳಿರಲಿಲ್ಲ. ಮೀನೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ಶನಿವಾರದ ಚಿತ್ರ. ಕಲ್ಲಿನ ಪಕ್ಕ ಒಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕೈಯಲ್ಲಿ ತಂತಿ. ಮುಖ ಸ್ಪಷ್ಟವಾಗಿದೆ. ಭಾವ.

ಅದೇ ದಿನ, ಹನ್ನೊಂದು ಗಂಟೆ

ಉಳಿದ ಚಿತ್ರಗಳನ್ನು ನೋಡದೆ ಅಕ್ಕನಿಗೆ ಫೋನ್ ಮಾಡಿದೆ. ಕೇಳುವ ಮೊದಲೇ ಹೇಳಿದಳು.

"ಕಳ್ಳ ಗೊತ್ತಾಯ್ತಲ್ಲೇ! ನಿನ್ನಿಂದಾನೇ ಗೊತ್ತಾಗಿದ್ದು. ಪಾಪ, ಕಾವಲಿನವನನ್ನ ಸುಮ್ನೆ ಕಳಿಸಿಬಿಟ್ವಿ ಅಂತ ಇವರು ಪೇಚಾಡ್ಕೊಂಡ್ರು."

"ಉರುಳು ಹಾಕಿದಾರಾ ಅಕ್ಕ? ಎಲ್ಲೆಲ್ಲಿ? ಎಷ್ಟು?"

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ದನಿ ಇಳಿಸಿ, "ಅವರು ಊರಲ್ಲಿಲ್ಲ ಕಣೆ, ನಾಳೆ ಬರ್ತಾರೆ. ಫೋನೂ ತೆಗೀತಿಲ್ಲ. ಹೊರಗೆ ಬಾಯಿ ಬಿಡ್ಬೇಡ. ಇದಕ್ಕೆಲ್ಲ ಜೈಲಂತೆ. ನನ್ನಾಣೆ" ಅಂದಳು.

ಆಣೆ ಹಾಕಬೇಡ ಅಂದೆ. ಅಷ್ಟರಲ್ಲಿ ಹಾಕಿಬಿಟ್ಟಿದ್ದಳು.

ಸಸಿಗಳಿಗೆ ನೀರು ಹಾಕುತ್ತಿದ್ದ ಮೀಸೆಯ ಹತ್ತಿರ ಹೋದೆ. ಚಿತ್ರದಲ್ಲಿ ತಾಯಿ-ಮರಿ ಸಿಕ್ಕಿವೆ, ಯಾರೋ ಉರುಳು ಇಟ್ಟಿದ್ದಾರೆ ಎಂದೆ. "ಯಾರೋ" ಎಂದೇ ಹೇಳಿದೆ. ಕ್ಷಮೆ ಕೇಳಲು ಬಾಯಿ ತೆಗೆದರೆ, "ಅದೆಲ್ಲ ಆಮೇಲೆ, ಜೀಪು ತೆಗೀತೀನಿ ಬನ್ನಿ" ಅಂದ.

ಅದೇ ದಿನ, ಹೊಳೆಯ ದಡ

ತಾಯಿ ಸತ್ತಿದೆ. ಕಲ್ಲಿನ ಕೆಳಗೇ, ನೀರಂಚಿನಲ್ಲಿ. ತಂತಿ ಕುತ್ತಿಗೆಗೆ ಇಳಿದಿತ್ತು. ಬೆಳಗ್ಗೆ ಕಾರ್ಡ್ ತೆಗೆಯಲು ಇಲ್ಲೇ ಬಂದಿದ್ದೆ. ಮರದ ಕಡೆ ನೋಡಿದೆನೇ ಹೊರತು ಕಲ್ಲಿನ ಕೆಳಗೆ ನೋಡಲಿಲ್ಲ.

ಮೀಸೆ ತಂತಿ ಬಿಡಿಸಿ, ತನ್ನ ಅಂಗಿ ಬಿಚ್ಚಿ ಅದರಲ್ಲಿ ಸುತ್ತಿಟ್ಟ. ಅಳುತ್ತಿದ್ದ. ಮುಖ ಮರೆಸಿಕೊಳ್ಳಲೂ ಇಲ್ಲ.

ಆಗ ಜೊಂಡಿನೊಳಗಿಂದ ಶಿಳ್ಳೆಯಂಥ ಸಣ್ಣ ಕೂಗು. ನಿಂತಿತು. ಮತ್ತೆ. ಈಗ ಎರಡು ದನಿ. ಮರಿಗಳು ಬದುಕಿವೆ. ತಾಯಿಯನ್ನು ಕರೆಯುತ್ತಿವೆ.

ನಾನು ಜೊಂಡಿನ ಕಡೆ ಓಡಿದೆ. ಕೈ ಹಿಡಿದು ನಿಲ್ಲಿಸಿದ.

"ಇನ್ನೆಷ್ಟು ಉರುಳು ಇದಾವೋ ಗೊತ್ತಿಲ್ಲ. ನಾವು ಗಾಬರಿ ಮಾಡಿದ್ರೆ ಅವು ಓಡೋದು ಕಾಲುವೆಗೇ. ಇಟ್ಟೋರನ್ನೇ ಕರ್ಕೊಂಡು ಬರ್ಬೇಕು, ಒಂದೊಂದಾಗಿ ಅವರ ಕೈಲೇ ತೆಗೆಸ್ಬೇಕು. ಪೊಲೀಸರಾದ್ರೆ ಎಲ್ಲಿದ್ರೂ ಹುಡುಕಿ ತರ್ತಾರೆ, ಹೆಸರು ಗೊತ್ತಿದ್ರೆ." ಮೂಗು ಒರೆಸಿಕೊಂಡ. "ಈ ಕಲ್ಲು ನಮ್ಮ ಆಫೀಸಿನೋರಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಒಳಗಿನೋರೇ ಯಾರೋ ಬಾಯಿ ಬಿಟ್ಟಿದಾರೆ. ನಿಮ್ಮೊಬ್ಬರನ್ನ ಬಿಟ್ಟು ಎಲ್ಲರ ಮೇಲೂ ಅನುಮಾನ ನಂಗೆ. ನಿಮಗೆ ಯಾರ ಮೇಲಾದ್ರೂ ಇದೆಯಾ?"

ಉತ್ತರಕ್ಕೆ ಕಾಯಲಿಲ್ಲ. ಬಲೆ, ಪಂಜರ ತರಲು ಜೀಪಿನ ಕಡೆ ಹೋಗಿದ್ದಾನೆ.

ಅಕ್ಕ ಮತ್ತೆ ಫೋನ್ ಮಾಡುತ್ತಿದ್ದಾಳೆ. ತೆಗೆಯುತ್ತಿಲ್ಲ. ಕೂಗು ಕೇಳುತ್ತಲೇ ಇದೆ, ಈಗ ಕಾಲುವೆಯ ಕಡೆಗೆ ಸರಿದ ಹಾಗಿದೆ. ಅವನು ಬಂದ ತಕ್ಷಣ ಹೇಳಬೇಕು. ಎದುರಿಗೆ ನಿಂತಾಗ ನಾಲಿಗೆ ಹೊರಳದಿದ್ದರೆ? ಇಲ್ಲಿ ಒಂದು ಸಲ ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ.

ಉರುಳು ಇಟ್ಟವರು ನನ್ನ ಭಾವ.

ಅವರಿಗೆ ಈ ಕಲ್ಲು ತೋರಿಸಿದ್ದು